ಸೊನ್ನೆ ಯೂನಿಟ್ಟು

ಫ್ಯೂಸು ಕಿತ್ತವನು ನಾನೇ.
ಮೂರು ತಿಂಗಳ ಬಾಕಿ, ಮೇಲಿನವರ ಆರ್ಡರು.
ಸ್ಟೂಲು ತಂದುಕೊಟ್ಟವರೂ ಇನಾಯತ್ ಸಾಬರೇ.
"ಹುಷಾರು ಸಾರ್, ಒಂದು ಕಾಲು ಅಲ್ಲಾಡ್ತದೆ."

ವೈರು ಎಳೆದ ಕಡೆ ತಗಡಿನ ಪೆಟ್ಟಿಗೆಯಲ್ಲಿ
ಹೆಬ್ಬೆರಳು ಹಿಡಿಸುವಷ್ಟು ತೂತು.
ಮುಚ್ಚಲಿಲ್ಲ.
ಮುಚ್ಚು ಅಂತ ಆರ್ಡರಿನಲ್ಲಿ ಇರಲಿಲ್ಲ.

ಶಿಡ್ಲಘಟ್ಟದ ಈ ಗಲ್ಲಿಯಲ್ಲಿ ಆಗ
ಬೆಳಗಿನ ಐದಕ್ಕೇ ಚರಕದ ಸದ್ದು.
ಬೆಂದ ಹುಳುವಿನ ವಾಸನೆ ಅಂಗಿಗೆ ಹತ್ತಿ
ನನ್ನ ಹೆಂಡತಿ ಹೊಸ್ತಿಲಲ್ಲೇ ಬಕೆಟ್ಟು ಇಡುತ್ತಿದ್ದಳು.
ಈಗ ಶೆಡ್ಡಿಗೆ ಬೀಗ. ಸಾಬರು ಚಿಂತಾಮಣಿಯಲ್ಲಿ
ಟೈರಿನಂಗಡಿಯ ಲೆಕ್ಕ ಬರೆಯುತ್ತಾರಂತೆ.
ನಾನು ಮಾತ್ರ ತಿಂಗಳಿಗೊಮ್ಮೆ ಬರುತ್ತೇನೆ;
ಸತ್ತ ಮೀಟರಿಗೂ ರೀಡಿಂಗು ತಪ್ಪಿದ್ದಲ್ಲ.

ಯುಗಾದಿ ಕಳೆದ ವಾರ
ಪೆಟ್ಟಿಗೆಗೆ ಕಿವಿ ತಂದರೆ, ಗುಂಯ್!
ಯಾರೋ ಕಂಬದಿಂದ ಕೊಕ್ಕೆ ಹಾಕಿದ್ದಾರೆ,
ಸಿಕ್ಕಿದ ಕಳ್ಳ ಅಂತ ಟೆಸ್ಟರು ತೆಗೆದೆ.
ಹಿಡಿಯುವ ಮೊದಲೇ
ತೂತಿನಿಂದ ಒಂದು ತಲೆ.
ತುಡುವೆ.
ಕಾಲಿಗೆ ಹಳದಿ ಮೂಟೆ ಕಟ್ಟಿಕೊಂಡ ಇನ್ನೊಂದು
ನನ್ನ ಮೂಗನ್ನು ಸವರಿಕೊಂಡೇ
ಒಳಗೆ ಹೋಯಿತು.

ಗಾಜಿನ ಕಿಂಡಿಯಲ್ಲಿ ಬಗ್ಗಿ ನೋಡಿದೆ:
ಐದು ಅಂಕಿಯಲ್ಲಿ ಮೂರರ ಮೇಲೆ ಮೇಣ.
ಉಳಿದದ್ದು ಅದೇ ಹಳೆಯ ನಾಲ್ಕು, ಒಂದು.
ಬಸ್‌ಸ್ಟಾಂಡ್ ಹಿಂದಿನ ಹೊಂಗೆಯಿಂದ ಇಲ್ಲಿಗೆ,
ಕೋರ್ಟು ಕಾಂಪೌಂಡಿನ ನುಗ್ಗೆಯಿಂದ ಇಲ್ಲಿಗೆ,
ಜ್ಯೂಸಂಗಡಿಯ ಕಬ್ಬಿನ ಸಿಪ್ಪೆಯಿಂದಲೂ ಇಲ್ಲಿಗೇ.
ಎಷ್ಟು ಓಡಿದೆ ಅಂತ ಬರೆಯಲಿ?

"ಬರ್ಕೋಬೇಡಿ ಸಾರ್,"
ಎದುರುಮನೆಯ ಶಮೀಮಾ ಬಾನು, ಮೊರದ ಅಕ್ಕಿಯಿಂದ ಕಣ್ಣೆತ್ತದೆ.
"ಬರೆದ್ರೆ ಹೊಗೆ ಹಾಕೋರು ಬರ್ತಾರೆ."
ಕಚ್ಚಲ್ವೇನಮ್ಮ?
"ನನ್ನ ಮಗನಿಗೆ ಕಚ್ಚಿವೆ. ಕಡ್ಡಿ ಹಾಕಿದ್ದು ಅವನೇ."

ಕೈಯಲ್ಲಿನ ಮೆಷೀನು ಕಾರಣ ಕೇಳುತ್ತದೆ.
ಬಾಗಿಲು ಬೀಗ. ಮೀಟರು ಸುಟ್ಟಿದೆ. ನಾಯಿ ಇದೆ.
ಅಷ್ಟೇ ಇರುವುದು.
ಬೀಗ ಅಂದರೆ ಒಡೆಸುತ್ತಾರೆ,
ಸುಟ್ಟಿದೆ ಅಂದರೆ ಬದಲಿಸುತ್ತಾರೆ.
ಸ್ವಲ್ಪ ಹೊತ್ತು ನಿಂತು
ನಾಯಿ ಇದೆ, ಒತ್ತಿದೆ.
ಕರ್ ಅಂತ ಚೀಟಿ ಬಂತು: ಸೊನ್ನೆ ಯೂನಿಟ್ಟು.
ಮಡಚಿ ಬಾಗಿಲ ಸಂದಿಗೆ ತೂರಿಸಿದೆ,
ಒಳಗೆ ಹಿಂದಿನವೆಲ್ಲ ಸರಿದ ಸದ್ದು.

ಮೊನ್ನೆ ಹೊಸ ಜೆ.ಇ. ಪಟ್ಟಿ ಹಿಡಿದು ಕೇಳಿದರು,
ಆ ಶೆಡ್ಡಿನ ನಾಯಿ ಇನ್ನೂ ಇದೆಯೇನ್ರೀ?

ಇದೆ ಸಾರ್.
ಕಟ್ಟಿಹಾಕಿಲ್ಲ.
ಹಗಲೆಲ್ಲ ಊರು ಸುತ್ತುತ್ತೆ,
ಕತ್ತಲಾಗೋದರೊಳಗೆ ಬಂದುಬಿಡುತ್ತೆ.