ಕೊಂಬು

ಸುಲ್ತಾನ್‌ಪೇಟೆಯ ಗಲ್ಲಿ. ಮದುವೆ ಕಾರ್ಡಿನಂಗಡಿಗಳ ಹಿಂದೆ
ನಮ್ಮ ಫ್ಲೆಕ್ಸ್ ಮಷೀನು. ಹನ್ನೊಂದು ವರ್ಷದಿಂದ
ಇಲ್ಲಿ ಅಕ್ಷರ ಕೂರಿಸುವವಳು ನಾನು.
ಗಂಡಸರ ಮುಖ ಸಾವಿರಗಟ್ಟಲೆ ಕತ್ತರಿಸಿ ಅಂಟಿಸಿದ್ದೇನೆ:
ಹುಟ್ಟುಹಬ್ಬದ ಅಣ್ಣ, ಶುಭ ಕೋರುವ ತಮ್ಮಂದಿರು,
ಕೂಲಿಂಗ್ ಗ್ಲಾಸು, ಮುಗಿದ ಕೈ.
ಹೆಂಗಸರ ಫೋಟೊ ಬೇಕೆಂದರೆ ಕಂಪ್ಯೂಟರಿನಲ್ಲಿ
ಒಂದೇ ಫೋಲ್ಡರು. ಶ್ರದ್ಧಾಂಜಲಿ.

ಪಂಕಜಾಕ್ಷಿ ಬಂದದ್ದು ಒಂದು ಶನಿವಾರ, ಕರೆಂಟು ಹೋಗಿ ಬಂದ ಹೊತ್ತಿಗೆ.
ಪೆನ್‌ಡ್ರೈವಿನಲ್ಲಿ ಒಂದೇ ಚಿತ್ರ, ಕಪ್ಪು ಬಿಳುಪು:
ಬೆಳಕು ಹರಿಯದ ಅವೆನ್ಯೂ ರಸ್ತೆ,
ಪೊರಕೆ ಹಿಡಿದ ಮುನಿಲಕ್ಷ್ಮಮ್ಮ
ಕ್ಯಾಮೆರಾವನ್ನು ನೋಡುತ್ತಿದ್ದಾಳೆ,
ಅದೂ ಯಾರೋ ಎಸೆದುಹೋದದ್ದು ಎಂಬಂತೆ.

"ಇದರ ಮೇಲೆ ಅಡ್ಡಕ್ಕೆ ಒಂದು ಪದ. ಹಳದಿ ಪಟ್ಟಿ, ಕಪ್ಪು ಅಕ್ಷರ.
ಎಷ್ಟು ದಪ್ಪ ಆಗುತ್ತೋ ಅಷ್ಟು."
ದಪ್ಪ ಮಾಡಿದರೆ ನಮ್ಮ ಅಕ್ಷರಕ್ಕೆ ಉಸಿರು ಕಟ್ಟುತ್ತೆ ಮೇಡಂ,
ಹೊಟ್ಟೆಯೊಳಗಿನ ಖಾಲಿ ಮುಚ್ಚಿಹೋಗುತ್ತೆ, ಅಂದೆ.
"ಮುಚ್ಚುವ ಒಂದು ಕೂದಲೆಳೆ ಮುಂಚೆ ನಿಲ್ಲಿಸು."
ಆ ಕೂದಲೆಳೆಗೆ ಮಧ್ಯಾಹ್ನವೆಲ್ಲ ಹೋಯಿತು.

ನಾನು ಮೊದಲು ಹೊಡೆದದ್ದು: ಕೇಳಿ.
ನಕ್ಕಳು. "ಯಾರಿಗೆ ಈ ಮರ್ಯಾದೆ?"
ಅಭ್ಯಾಸ, ಅಂದೆ.
"ಳ-ಕ್ಕೆ ಏನು ಹಾಕಿದ್ದೀ?"
ಗುಡಿಸು.
ಅಂದ ಮೇಲೆ ಇಬ್ಬರೂ ಪರದೆಯ ಮೇಲಿನ ಪೊರಕೆ ನೋಡಿದೆವು.
ಒಂದನೇ ಕ್ಲಾಸಿನಲ್ಲಿ ರಾಗವಾಗಿ ಒಪ್ಪಿಸಿದ್ದು:
ಕ-ಕ್ಕೆ ತಲಕಟ್ಟು, ಕ-ಕ್ಕೆ ಇಳಿ, ಕ-ಕ್ಕೆ ಗುಡಿಸು.
ಹುಡುಗರೂ ಹೇಳಿದ್ದರು ನಮ್ಮ ಜೊತೆ, ಅದೇ ರಾಗ.
ಬೆಲ್ಲು ಹೊಡೆದ ಮೇಲೆ ಗುಡಿಸಿದ್ದು ನಾವು.
"ಗುಡಿಸಿದ್ದು ಸಾಕು," ಅಂದಳು ಪಂಕಜಾಕ್ಷಿ, "ಕೊಂಬು ಕೊಡು."

ಕೇಳು.

ಎಂಟಡಿ, ಆರಡಿ. ಮಾಲೀಕ ಬಂದು ನೋಡಿದ.
ಏನು ಕೇಳಬೇಕು? ಯಾರನ್ನ? ಕೆಳಗೆ ಹೆಸರಿಲ್ಲ, ನಂಬರಿಲ್ಲ,
ಕೋರುವವರು ಯಾರು?
ಬಿಲ್ಲಿನಲ್ಲಿ 'ಇತರೆ' ಎಂದು ಬರೆದ.

ಅದೇ ರಸ್ತೆಯ ಗೋಡೆಯ ಮೇಲೆ ಒಂದೇ ಒಂದು ರಾತ್ರಿ ಇತ್ತು.
ಪಕ್ಕದಲ್ಲಿ ಮೂರು ವಾರದಿಂದ ನಗುತ್ತಿದ್ದ ಅಣ್ಣ
ಈಗಲೂ ನಗುತ್ತಿದ್ದಾನೆ.
ಬೆಳಿಗ್ಗೆ ಮೇಸ್ತ್ರಿ ಪಾಳಿಯವಳನ್ನು ಕರೆದು
ತೆಗಿ ಇದನ್ನ, ಅಂದ. ಮುಖ ಗುರುತು ಹಿಡಿಯಲಿಲ್ಲ.
ಮುನಿಲಕ್ಷ್ಮಮ್ಮ ತನ್ನನ್ನು ತಾನೇ ಬಿಚ್ಚಿ, ನಾಲ್ಕು ಮಡಿಕೆ ಮಡಿಸಿ,
ಕಂಕುಳಲ್ಲಿ ಇಟ್ಟುಕೊಂಡು ಹೋದಳು.

ಮೊನ್ನೆ ಅಂಗಡಿಗೇ ಬಂದಿದ್ದಳು, ಇನ್ನೊಂದು ಸಿಗುತ್ತಾ ಅಂತ.
"ಸೂರಿಗೆ ಕಟ್ಟಿವ್ನಿ, ಅಕ್ಷರ ಒಳಕ್ಕೆ ಮಾಡಿ.
ಮನೀಕಂಡ್ರೆ ಮ್ಯಾಲೆ ನಾನೇ.
ನಮ್ ಯಜಮಾನ ಈಗ ಗೋಡೆ ಕಡೆ ತಿರುಕ್ಕಂಡು ಮನಿಕತಾನೆ."
ಓದೋಕೆ ಬರುತ್ತಾ ಅಮ್ಮ?
"ಎಲ್ಡೇ ಅಕ್ಸರ ಅಲ್ವಾ. ಮೊಮ್ಮಗಳು ಹೇಳ್ಕೊಟ್ಲು."
ಸೋರುವುದು ನಿಂತಿದೆಯಂತೆ.
ಆ ಕೊನೆಯ ಕೊಂಬಿನ ಹತ್ತಿರ ಮಾತ್ರ, ಸ್ವಲ್ಪ.