ನೀಲಿ ತಳದ ಟ್ರೇ

ಕಿಟಕಿಯಾಚೆ ಕಾರವಾರದ ಅಷ್ಟುದ್ದ ಮರಳು;
ಕ್ಲಾಸಿನ ಟ್ರೇಗೆ ಮಾತ್ರ ಪುಣೆಯಿಂದ ತರಿಸಿದ್ದು,
ಜರಡಿ ಹಿಡಿದದ್ದು, ವಾಸನೆಯಿಲ್ಲದ್ದು.

"ಇವತ್ತು ನೀವೇ ಪೇಶಂಟು" ಎಂದರು ಪಾವಸ್ಕರ್ ಮೇಡಂ.
ಎರಡು ಸೆಮಿಸ್ಟರು ಬಾಯಿಪಾಠ ಮಾಡಿದವಳು ನಾನು:
ಸೇತುವೆಯೆಂದರೆ ಇದು, ಹಾವೆಂದರೆ ಅದು.
ಕಪಾಟಿನಿಂದ ಎತ್ತಿಕೊಂಡದ್ದು ಒಂದು ದೋಣಿ.
ಇಡಲಾಗಲಿಲ್ಲ.
ಬೆರಳು ತನ್ನಷ್ಟಕ್ಕೆ ಮರಳು ಸರಿಸುತ್ತ ಹೋಗಿ
ತಳದ ನೀಲಿ ಕಂಡಿತು.
ಬೈತಖೋಲದ ಬಂದರಿನಲ್ಲಿ
ಅಪ್ಪ ಮಾರಿಬಂದ ಬಲೆಯದೇ ನೀಲಿ.

ದೋಣಿಯನ್ನು ಮಗುಚಿ ಹೂತೆ.

ಮೇಡಂ ಏನೂ ಕೇಳಲಿಲ್ಲ.
ನನ್ನನ್ನು ಗಮನಿಸಿ ಬರೆಯಬೇಕಿದ್ದ ಸುಗಂಧಾ ಗುನಗಿಯ ನೋಟುಬುಕ್ಕಿನಲ್ಲಿ
ತಾರೀಖು ಬಿಟ್ಟರೆ ಬರೀ ಬಿಳಿ.

ಸಂಜೆ ಬಸ್ಸಿನಲ್ಲಿ ಸೊನ್ನೆ ಟಿಕೆಟಿಗೆ ಕೈ ಚಾಚಿದೆ.
ಉಗುರಿನ ಸಂದಿಯಲ್ಲಿ ಪುಣೆಯ ಮರಳು.
"ಸಮುದ್ರಕ್ಕೆ ಹೋಗಿದ್ರಾ?" ಎಂದ ಕಂಡಕ್ಟರು.
ಹೂಂ, ಅಂದೆ.