ಐದು ಸಾವಿರದ ಹನ್ನೆರಡು ದಿನ

ದಿನಕ್ಕೊಂದು ಕಾರಣ ಬೇಕಂತೆ.
ಕೊಡಿಯಾಲ್‌ಬೈಲಿನ ಕೋರ್ಟು ಮೆಟ್ಟಿಲಲ್ಲಿ
ಬೆವರಿಗಂಟಿದ ಕಾಲರು ಬಿಡಿಸಿಕೊಳ್ಳುತ್ತಾ
ವಕೀಲರು ಹೇಳಿದರು:
"ಐದು ಸಾವಿರದ ಹನ್ನೆರಡು ದಿನ ತಡ, ವಾರಿಜಕ್ಕ.
ಇಷ್ಟು ದಿನ ಎಲ್ಲಿದ್ದಿರಿ ಅಂತ ಕೇಳ್ತಾರೆ. ನೆನಪು ಮಾಡಿ."

ಮಾಡಿದೆ.

ಮೊದಲ ದಿನ ಕೈ ತೊಳೆಯುತ್ತಿದ್ದೆ.
ಗೇರುಸಿಪ್ಪೆಯ ಎಣ್ಣೆ ಸೋಪಿಗೆ ಹೋಗುವುದಿಲ್ಲ,
ಬೂದಿಗೂ ಹೋಗುವುದಿಲ್ಲ,
ಚರ್ಮವೇ ಸುಲಿದು ಬಿದ್ದರೆ ಹೋದೀತು.
ಸ್ಟೇಷನ್ನಿನಲ್ಲಿ ಹತ್ತೂ ಬೆರಳು ಶಾಯಿಗೆ ಒತ್ತಿಸಿ
ಪೇದೆ ಕಾಗದವನ್ನು ಬೆಳಕಿಗೆ ಹಿಡಿದು ಬೈದಿದ್ದ:
"ಎಂಥದ್ದು ಮಾರಾಯ್ತಿ, ಗೆರೆಯೇ ಇಲ್ಲ!"
ಗೆರೆ ಇಲ್ಲದ ಬೆರಳಿಗೂ ಕೇಸು ಅಂಟಿತು.

ಎರಡನೆಯ ದಿನ, ಮೂರನೆಯ ದಿನ: ನಾಚಿಕೆ.
ಅದೊಂದೇ ಕಾರಣ ಬರೆದರೆ ಆಗ್ತದಾ ಸರ್?
ಸುಮಾರು ಎರಡು ವರ್ಷಕ್ಕೆ ಸಾಕಾಗಬಹುದು.

ಆಮೇಲೆ ಮದುವೆ. ಗಂಡನಿಗೆ ಹೇಳದ ದಿನಗಳು.
ಗಂಡನಿಗೆ ಗೊತ್ತಾದ ದಿನ;
ಒಂದೇ ದಿನ ಅದು, ಆದರೆ ಉದ್ದ.
ಮಗಳು ಲೇಡಿಗೋಶನ್ನಿನಲ್ಲಿ ಹುಟ್ಟಿದ ದಿನ.
ಅಮ್ಮನ ಡಯಾಲಿಸಿಸ್ಸಿಗೆ ವೆನ್‌ಲಾಕಿನ ಕ್ಯೂ,
ಎಷ್ಟೋ ಮಂಗಳವಾರ, ಎಷ್ಟೋ ಶುಕ್ರವಾರ.
ಉಳಿದ ದಿನವೆಲ್ಲ ಬೀಡಿ.
ಮುನ್ನೂರು ರೂಪಾಯಿ ದಂಡ ಕಟ್ಟಿದವಳು
ಸಾಯುವ ತನಕ ಅಪರಾಧಿ ಅಂತ
ಅದರಲ್ಲಿ ಒಂದು ದಿನವೂ ನನಗೆ ಗೊತ್ತಿರಲಿಲ್ಲ.

ಫ್ಯಾಕ್ಟರಿಯ ರೈಟರು ಹೇಳಿದ್ದು ಬೇರೆ:
"ಏಳೂ ಜನ ಒಪ್ಪಿಬಿಡಿ,
ಮಧ್ಯಾಹ್ನದ ಗಂಜಿಗೆ ಮನೆಯಲ್ಲಿರ್ತೀರಿ."
ಹೌದು, ಗಂಜಿ ಬಿಸಿ ಇತ್ತು.

ಹೋದ ಜೂನಿನಲ್ಲಿ
ಶಾಲೆಯ ವ್ಯಾನಿಗೆ ಆಯಾ ಬೇಕು ಅಂದರು.
ಪೊಲೀಸ್ ಸರ್ಟಿಫಿಕೇಟ್ ಒಂದು ತನ್ನಿ, ಸುಮ್ಮನೆ, ಫೈಲಿಗೆ.
ಪಾಂಡೇಶ್ವರದ ಕಂಪ್ಯೂಟರು ಒಂಚೂರೂ ತಡವರಿಸಲಿಲ್ಲ:
ಆರೋಪಿ ನಂಬರ್ ನಾಲ್ಕು. ವಾರಿಜ. ತಂದೆ ಐತಪ್ಪ.
ಪ್ರಾಯ ಹತ್ತೊಂಬತ್ತು.
ನನ್ನ ಹತ್ತೊಂಬತ್ತನ್ನು ಇಷ್ಟು ಜೋಪಾನವಾಗಿ
ಬೇರೆ ಯಾರೂ ಇಟ್ಟುಕೊಂಡಿಲ್ಲ.

ಹಳೆಯ ಕಡತ ಮೇಲೆ ಬರಲು ನಾಲ್ಕು ವಾಯಿದೆ.
ದಾರ ಬಿಚ್ಚಿದರೆ ಇರುವೆಗಳು, ಆಮೇಲೆ ನಾವು:
ಏಳು ಬಾಯಿ, ಟೈಪಾದ ಒಂದೇ ವಾಕ್ಯ,
"ತಪೊಪ್ಪಿಕೊಂಡಿರುತ್ತೇನೆ."
ತಪ್ಪಿನಲ್ಲೇ ಒಂದು ಒತ್ತು ಇಲ್ಲ.
ಏಳು ಕಡೆಯೂ ಇಲ್ಲ.
ನ್ಯಾಯಾಧೀಶರು ಕನ್ನಡಕ ತೆಗೆದರು, ಒರೆಸಿದರು, ಹಾಕಿದರು.
"ಏಳು ಜನ ಮಾತಾಡಿದ್ದಲ್ಲ ಇದು,
ಯಾರೋ ಒಬ್ಬ ಬರೆದದ್ದು."

ವಿಳಂಬ ಮನ್ನಿಸಿದೆ, ಅಂದರು.
ಶಿಕ್ಷೆ ರದ್ದು, ದಂಡ ವಾಪಸು, ಅಂದರು.
ಫ್ಯಾನು ತಿರುಗುತ್ತಿತ್ತು. ಮುಂದಿನ ಕೇಸು ಕರೆದರು.
ಐದು ಸಾವಿರದ ಹನ್ನೆರಡು ದಿನ
ಒಂದು ಕೆಮ್ಮಿನಷ್ಟು ಹೊತ್ತಿನಲ್ಲಿ ಮನ್ನಾ.
ಮನ್ನಾ ಆದದ್ದಷ್ಟೇ; ವಾಪಸು ಬಂದದ್ದು ಮುನ್ನೂರು.

ತುಂಡುಗೇರು ಸಿಕ್ಕಿದ್ದು ಯಾರ ಸೆರಗಿನಲ್ಲಿ ಅಂತ
ಅವರು ಕೇಳಲಿಲ್ಲ. ನೀವೂ ಕೇಳಲಿಲ್ಲ ಸರ್.
ಒಳ್ಳೇದಾಯ್ತು.
ಒಂದು ಮುಷ್ಟಿ ಇತ್ತು. ಎರಡು ತಿಂದಿದ್ದೆ.

ಆರ್ಡರಿನ ಕೊನೆಯ ಸಾಲು ಮಗಳು ಓದಿ ಹೇಳಿದಳು,
"ಆರೋಪಿ ನಾಲ್ಕಕ್ಕೆ ಸಂಬಂಧಿಸಿದಂತೆ ಮಾತ್ರ."
ಮತ್ತೆ ಓದು, ಅಂದೆ. ಮತ್ತೆ ಅದನ್ನೇ ಓದಿದಳು.

ಸೆವ್ರಿನ್‌ಬಾಯಿ ನಂಬರ್ ಆರು.
ಜೋಕಟ್ಟೆಯ ಕಡೆ ಎಲ್ಲೋ ಮನೆ ಅಂತ ಕೇಳಿದ್ದೇನೆ.
ಅವಳ ಬೆರಳಿಗೂ ಗೆರೆ ಇರಲಿಲ್ಲ,
ಅವಳ ಸೆರಗಿನಲ್ಲಿ ಏನೂ ಇರಲಿಲ್ಲ.
ಅವಳ ತಡ ಇನ್ನೂ ಓಡ್ತಾ ಉಂಟು,
ಇವತ್ತಿಗೂ ಒಂದು ದಿನ ಸೇರಿತು.

ಭಾನುವಾರ ವ್ಯಾನಿಗೆ ರಜೆ.
ಜೆರಾಕ್ಸು ಎರಡು ಮಾಡಿಸಿ ಬಸ್ಸು ಹತ್ತಿದ್ದೇನೆ.
ಏನು ಹೇಳುವುದು ಅಂತ ಇನ್ನೂ ಗೊತ್ತಿಲ್ಲ.
ಕಂಡಕ್ಟರು ಕೇಳಿದ, ಎಲ್ಲಿಗೆ?
ಬೆರಳೊತ್ತಿ ನೋಟು ಬಿಡಿಸಿಕೊಟ್ಟೆ.